ಚೆನ್ನಾಗಿದ್ದ ದಿನವೂ ಇನ್‌ಹೇಲರ್ ಏಕೆ?

ಪ್ರಶ್ನೆ: ಮಗನಿಗೆ ಎಂಟು ವರ್ಷ, ತೂಕ 24 ಕಿಲೋ. ಎರಡು ವರ್ಷದ ಹಿಂದೆ ಸಾಗರದಿಂದ ಬೆಂಗಳೂರಿಗೆ ಬಂದೆವು. ಬಂದಾಗಿನಿಂದ ನೆಗಡಿಯಾದರೆ ಸಾಕು, ಕೆಮ್ಮು ಮೂರು ವಾರ ಬಿಡುವುದಿಲ್ಲ. ಬೆಳಗಿನ ಜಾವ ಎದ್ದು ಕೂತು ಕೆಮ್ಮುತ್ತಾನೆ, ಎದೆಯಲ್ಲಿ ಸುಯ್ ಸುಯ್ ಅನ್ನುತ್ತದೆ. ಮೊದಲ ಡಾಕ್ಟರು ‘ಅಲರ್ಜಿಕ್ ಬ್ರಾಂಕೈಟಿಸ್’ ಅಂದರು, ಇನ್ನೊಬ್ಬರು ‘ಪ್ರೈಮರಿ ಕಾಂಪ್ಲೆಕ್ಸ್ ಇರಬಹುದು’ ಅಂದರು. ಕಳೆದ ಚಳಿಗಾಲದಲ್ಲಿ ಮೂರು ಸಲ ನೆಬ್ಯುಲೈಸರ್ ಹಾಕಿಸಬೇಕಾಯಿತು. ಆಮೇಲೆ ಮಕ್ಕಳ ತಜ್ಞರು ಅಸ್ತಮಾ ಎಂದು ಹೇಳಿ, ಬುಡೆಸೊನೈಡ್ 100 ಇನ್‌ಹೇಲರ್ ಬೆಳಿಗ್ಗೆ ಒಂದು, ರಾತ್ರಿ ಒಂದು ಪಫ್, ಬೇಕಾದಾಗ ಸಾಲ್ಬುಟಮಾಲ್ ಎರಡು ಪಫ್, ಮಲಗುವಾಗ ಮಾಂಟೆಲುಕಾಸ್ಟ್ ಮಾತ್ರೆ ಬರೆದರು. ಮೂರು ವಾರದಲ್ಲಿ ಪೂರ್ತಿ ಹುಷಾರಾದ, ನಾವೇ ನಿಲ್ಲಿಸಿದೆವು. ಒಂದೂವರೆ ತಿಂಗಳಿಗೆ ಮತ್ತೆ ಶುರುವಾಯಿತು. ಇನ್‌ಹೇಲರ್ ಹಿಡಿದರೆ ಜೀವಮಾನವಿಡೀ ಬಿಡಲಾಗದು, ಸ್ಟೀರಾಯ್ಡ್‌ನಿಂದ ಮಗು ಕುಳ್ಳಾಗುತ್ತದೆ ಎಂದು ಅತ್ತೆಯವರ ಆತಂಕ. ಮೃಗಶಿರಾ ಮಳೆಯ ದಿನ ಹೈದರಾಬಾದಿಗೆ ಕರೆದೊಯ್ಯೋಣ, ಮೀನು ತಿನ್ನದವರಿಗೆ ಬೆಲ್ಲದಲ್ಲೂ ಮದ್ದು ಕೊಡುತ್ತಾರೆ ಎನ್ನುತ್ತಾರೆ. ಯಜಮಾನರು ಊರಿಗೇ ವಾಪಸಾಗೋಣ ಎನ್ನುತ್ತಿದ್ದಾರೆ. ಇದು ನಿಜವಾಗಿ ಅಸ್ತಮಾನೇ? ಇನ್‌ಹೇಲರ್ ಎಷ್ಟು ದಿನ? ಬೇರೆ ದಾರಿ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ‘ಪೂರ್ತಿ ಹುಷಾರಾದ, ನಾವೇ ನಿಲ್ಲಿಸಿದೆವು’ ಎಂಬ ಮಾತು. ತಪ್ಪು ಹೊರಿಸಲು ಹೇಳುತ್ತಿಲ್ಲ. ಜ್ವರ ಬಿಟ್ಟ ಮೇಲೆ ಪ್ಯಾರಾಸಿಟಮಾಲ್ ಯಾರೂ ಕೊಡುವುದಿಲ್ಲ, ಹಾಗಾಗಿ ಉಸಿರು ಸರಿಹೋದ ಮೇಲೆ ಇನ್‌ಹೇಲರ್ ಯಾಕೆ ಎಂದು ಯಾವ ತಾಯಿಗಾದರೂ ಅನ್ನಿಸುತ್ತದೆ. ಆದರೆ ಈ ಕಾಯಿಲೆಯಲ್ಲಿ ಕೆಮ್ಮು ನಿಲ್ಲುವುದು ಬೇರೆ, ಕಾಯಿಲೆ ತಣಿಯುವುದು ಬೇರೆ. ನಿಮ್ಮ ಎಲ್ಲ ಪ್ರಶ್ನೆಗಳೂ ಸುತ್ತಿ ಬಂದು ಇಲ್ಲಿಗೇ ನಿಲ್ಲುತ್ತವೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಉಬ್ಬಸ, ಗೂರಲು, ದಮ್ಮು ಎಂದು ಊರಿಗೊಂದು ಹೆಸರಿರುವುದು ಇದಕ್ಕೇ. ‘ಅಸ್ತಮಾ’ ಎಂದರೆ ಮನೆಯವರು ಕುಸಿಯುತ್ತಾರೆಂದು ವೈದ್ಯರು ‘ವೀಜಿಂಗ್’, ‘ಅಲರ್ಜಿಕ್ ಬ್ರಾಂಕೈಟಿಸ್’ ಎಂದು ಮೆತ್ತಗೆ ಹೇಳುವುದು ನಮ್ಮಲ್ಲಿ ಹಳೆಯ ರೂಢಿ. ಮೆತ್ತಗಿನ ಹೆಸರಿಟ್ಟರೆ ಚಿಕಿತ್ಸೆಯೂ ಮೆತ್ತಗಾಗಿ, ಪ್ರತಿಸಲ ಒಂದು ಕೆಮ್ಮಿನ ಸಿರಪ್, ಒಂದು ಆ್ಯಂಟಿಬಯಾಟಿಕ್‌ನಲ್ಲಿ ಮುಗಿದುಹೋಗುತ್ತದೆ. ‘ಪ್ರೈಮರಿ ಕಾಂಪ್ಲೆಕ್ಸ್’ ಎಂಬುದು ಮಕ್ಕಳ ಕ್ಷಯಕ್ಕೆ ಇಟ್ಟ ಹೆಸರು. ಅಸ್ತಮಾ ಇರುವ ಎಷ್ಟೋ ಮಕ್ಕಳಿಗೆ ಈ ಹಣೆಪಟ್ಟಿ ಬಿದ್ದು, ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದ್ದಿದೆ. ನೆಬ್ಯುಲೈಸರ್ ಹಾಕಿದ ಅರ್ಧ ಗಂಟೆಯಲ್ಲಿ ಉಸಿರು ಸಡಿಲವಾಗುವ ಕೆಮ್ಮು ಟಿಬಿಯದಲ್ಲ.

ನಿಮ್ಮ ಮಗನ ಚಿತ್ರ ಅಸ್ತಮಾಕ್ಕೆ ಚೆನ್ನಾಗಿ ಹೊಂದುತ್ತದೆ: ಬಂದು ಹೋಗುವ ಕೆಮ್ಮು, ಬೆಳಗಿನ ಜಾವ ಜಾಸ್ತಿ, ನೆಗಡಿಯಿಂದ ಶುರು, ಉಸಿರು ಬಿಡುವಾಗ ಸಿಳ್ಳೆ, ಔಷಧ ಕೊಟ್ಟರೆ ಇಳಿತ, ನಿಲ್ಲಿಸಿದರೆ ಮರಳಿಕೆ. ಎದೆಯ ಎಕ್ಸ್‌ರೇ ಸಾಮಾನ್ಯವಾಗಿಯೇ ಇರುತ್ತದೆ, ಅದನ್ನು ನೋಡಿ ‘ಏನೂ ಇಲ್ಲ’ ಎಂದುಕೊಳ್ಳಬೇಡಿ. ರಕ್ತದಲ್ಲಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಏರಿದ್ದರೆ ಅಲರ್ಜಿಯ ಪ್ರವೃತ್ತಿ ಇದೆ ಎಂದಷ್ಟೇ ಅರ್ಥ, ಅದರಿಂದ ಅಸ್ತಮಾ ಸಾಬೀತಾಗದು. ಕೊಳವೆಗೆ ಊದಿಸಿ ಉಸಿರಿನ ಬಲ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆಯನ್ನು ಎಂಟು ವರ್ಷದ ಹುಡುಗ ಚೆನ್ನಾಗಿಯೇ ಮಾಡುತ್ತಾನೆ. ಒಮ್ಮೆ ಊದಿಸಿ, ಸಾಲ್ಬುಟಮಾಲ್ ಕೊಟ್ಟು ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ 12%ಗಿಂತ ಹೆಚ್ಚು ಸುಧಾರಿಸಿದರೆ ರೋಗನಿರ್ಣಯ ಗಟ್ಟಿಯಾಗುತ್ತದೆ. ಹುಷಾರಿರುವ ದಿನ ಮಾಡಿಸಿದರೆ ಫಲಿತಾಂಶ ಸರಿಯಾಗಿಯೇ ಬರಬಹುದು. ಅದರಿಂದ ಅಸ್ತಮಾ ಇಲ್ಲವೆಂದಾಗದು, ಕೆಮ್ಮು ಇರುವಾಗ ಮತ್ತೊಮ್ಮೆ ಮಾಡಿಸಬೇಕು.

ಬೇರೆ ಕಾಯಿಲೆಯೆಂದು ಅನುಮಾನಿಸಬೇಕಾದದ್ದು ಯಾವಾಗ? ತೂಕ ಇಳಿಯುತ್ತಿದ್ದರೆ, ಎರಡು ವಾರ ಮೀರಿ ಜ್ವರವಿದ್ದರೆ, ದಿನವಿಡೀ ಕಫದ ಹಸಿ ಕೆಮ್ಮೇ ಇದ್ದರೆ, ಬೆರಳುಗಳ ತುದಿ ಉಬ್ಬಿಕೊಂಡಿದ್ದರೆ, ಅಥವಾ ಕಡಲೆಕಾಯಿ ಬೀಜ ತಿನ್ನುವಾಗ ನೆತ್ತಿಗೇರಿದ ದಿನದಿಂದಲೇ ಸುಯ್ ಸದ್ದು ಶುರುವಾಗಿದ್ದರೆ. ಇವ್ಯಾವುದೂ ನಿಮ್ಮ ಪತ್ರದಲ್ಲಿಲ್ಲ.

ಒಳಗೆ ಆಗುತ್ತಿರುವುದು

ಶ್ವಾಸನಾಳದ ಒಳಗೋಡೆ ಸದಾ ಸ್ವಲ್ಪ ಕೆರಳಿಕೊಂಡು, ಬಾತುಕೊಂಡಿರುತ್ತದೆ. ಇದು ಮೂಲ. ಈ ಕೆರಳಿದ ನಾಳಕ್ಕೆ ನೆಗಡಿಯ ವೈರಸ್ಸೋ ಧೂಳೋ ಹೊಗೆಯೋ ತಣ್ಣನೆಯ ಗಾಳಿಯೋ ತಾಗಿದಾಗ ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ, ಒಳಗೆ ಅಂಟು ಲೋಳೆ ತುಂಬುತ್ತದೆ. ಗಾಳಿ ಒಳಗೆ ಹೋದರೂ ಹೊರಗೆ ಬರಲು ತಿಣುಕುತ್ತದೆ. ನಿಮಗೆ ಕೇಳಿಸುವ ಸುಯ್ ಸದ್ದು ಅದರದು.

ಸಾಲ್ಬುಟಮಾಲ್ ಈ ಸ್ನಾಯುವನ್ನು ಸಡಿಲಿಸುತ್ತದೆ. ಐದು ನಿಮಿಷದಲ್ಲಿ ಕೆಲಸ ಶುರುಮಾಡಿ ನಾಲ್ಕರಿಂದ ಆರು ಗಂಟೆ ಇರುತ್ತದೆ. ಬಾವನ್ನು ಅದು ಮುಟ್ಟುವುದೂ ಇಲ್ಲ. ಬಾವು ಇಳಿಸುವುದು ಬುಡೆಸೊನೈಡ್ ಎಂಬ ಸ್ಟೀರಾಯ್ಡ್. ಅದು ನಿಧಾನಿ, ಗುಣ ಕಾಣಲು ಒಂದೆರಡು ವಾರ, ನಾಳಗಳ ಕೆರಳುವ ಸ್ವಭಾವ ಪಳಗಲು ತಿಂಗಳುಗಳೇ ಬೇಕು. ನಿಮ್ಮ ಮಗನಿಗೆ ಮೂರು ವಾರದಲ್ಲಿ ಕೆಮ್ಮು ನಿಂತಿತು, ಬಾವು ಅರ್ಧ ಇಳಿದಿತ್ತು, ಆಗ ಔಷಧ ನಿಂತಿತು. ಒಂದೂವರೆ ತಿಂಗಳಲ್ಲಿ ಬಾವು ಮತ್ತೆ ಮೊದಲಿನ ಮಟ್ಟಕ್ಕೆ ಬಂತು, ಅಷ್ಟರಲ್ಲಿ ಒಂದು ನೆಗಡಿಯೂ ಬಂತು. ಇದಕ್ಕೆ ‘ಇನ್‌ಹೇಲರ್ ಅಭ್ಯಾಸವಾಗಿದೆ, ಬಿಟ್ಟಿದ್ದಕ್ಕೆ ಜಾಸ್ತಿಯಾಯಿತು’ ಎಂಬ ಅರ್ಥ ಹಚ್ಚುತ್ತಾರೆ. ಅಭ್ಯಾಸವೆಂದರೆ ದಿನದಿನಕ್ಕೆ ಡೋಸ್ ಏರಿಸಬೇಕಾಗುವುದು, ಬಿಟ್ಟರೆ ಮೈ ಬೇಡುವುದು. ಬುಡೆಸೊನೈಡ್‌ಗೆ ಆ ಗುಣವಿಲ್ಲ. ಕನ್ನಡಕ ತೆಗೆದಾಗ ಅಕ್ಷರ ಮಂಜಾದರೆ ಕಣ್ಣಿಗೆ ಕನ್ನಡಕದ ಚಟ ಹಿಡಿದಿದೆ ಎನ್ನುತ್ತೇವೆಯೇ?

ಕೇವಲ ಸಾಲ್ಬುಟಮಾಲ್ ನೆಚ್ಚಿಕೊಂಡವರ ವಿಷಯದಲ್ಲಿ ಮಾತ್ರ ಈ ಭಯಕ್ಕೆ ಸ್ವಲ್ಪ ಆಧಾರವಿದೆ. ಅದನ್ನು ಪದೇ ಪದೇ ಎಳೆದರೆ ತಾತ್ಕಾಲಿಕ ಆರಾಮ ಸಿಗುತ್ತಾ ಹೋಗುತ್ತದೆ, ಕೆಳಗೆ ಬಾವು ಬೆಳೆಯುತ್ತಾ ಇರುತ್ತದೆ. ವರ್ಷಕ್ಕೆ 200 ಪಫ್‌ನ ಮೂರು ಡಬ್ಬಿ ಅಥವಾ ಹೆಚ್ಚು ಖರ್ಚಾದರೆ ತೀವ್ರ ದಾಳಿಯ ಸಾಧ್ಯತೆ ಏರುತ್ತದೆ. ತಿಂಗಳಿಗೊಂದು ಡಬ್ಬಿ ಖಾಲಿಯಾಗುವವರಲ್ಲಿ ಸಾವಿನ ಅಪಾಯವೇ ಹೆಚ್ಚು. 12 ವರ್ಷ ದಾಟಿದವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ‘ಜೀನಾ’ 2019ರಲ್ಲಿ ಹೇಳಿದ್ದು ಈ ಕಾರಣಕ್ಕೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು 13% ಭಾರತದಲ್ಲಿದ್ದಾರೆ, ಅಸ್ತಮಾ ಸಾವುಗಳಲ್ಲಿ 40%ಗಿಂತ ಹೆಚ್ಚು ನಮ್ಮವು. ನಮ್ಮ ಕಾಯಿಲೆ ಬೇರೆಯವರದಕ್ಕಿಂತ ಕೆಟ್ಟದ್ದೆಂದೇನಲ್ಲ. ಬಾವಿನ ಔಷಧ ಬಿಟ್ಟು ಆರಾಮದ ಔಷಧ ಹಿಡಿಯುವುದು ಅದಕ್ಕೊಂದು ದೊಡ್ಡ ಕಾರಣ.

ಸ್ಟೀರಾಯ್ಡ್ ಎಂಬ ಪದ, ಎತ್ತರದ ಲೆಕ್ಕ

ಅತ್ತೆಯವರ ಆತಂಕವನ್ನು ತಳ್ಳಿಹಾಕಲಾರೆ, ಅದರಲ್ಲಿ ಒಂದು ಕಾಳು ಸತ್ಯವಿದೆ. ಚಿಕ್ಕ ವಯಸ್ಸಿನಲ್ಲಿ ದಿನವೂ ಬುಡೆಸೊನೈಡ್ ಎಳೆದ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿ ಅಳೆದಾಗ, ಎತ್ತರ ಸರಾಸರಿ ಒಂದು ಸೆಂಟಿಮೀಟರಿನಷ್ಟು ಕಡಿಮೆ ಕಂಡಿದೆ. ಈ ವ್ಯತ್ಯಾಸ ಮೊದಲ ಒಂದೆರಡು ವರ್ಷದಲ್ಲಿ ಆಗುವುದು, ಆಮೇಲೆ ವರ್ಷವರ್ಷಕ್ಕೂ ಕೂಡುತ್ತಾ ಹೋಗುವುದಿಲ್ಲ. ಇನ್ನೊಂದು ತಟ್ಟೆಯಲ್ಲಿ, ರಾತ್ರಿ ನಿದ್ದೆಯಿಲ್ಲದೆ, ಊಟ ಸೇರದೆ, ಪದೇ ಪದೇ ದಾಳಿಗೆ ಸಿಕ್ಕುವ ಮಗುವಿನ ಬೆಳವಣಿಗೆಯೂ ಕುಂಠಿತವಾಗುತ್ತದೆ. ಆರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡಿ, ಅನುಮಾನಕ್ಕೆ ಜಾಗವಿರುವುದಿಲ್ಲ.

ಪ್ರಮಾಣ ನೋಡಿ. ನಿಮ್ಮ ಮಗನ ಇನ್‌ಹೇಲರ್ ದಿನಕ್ಕೆ 200 ಮೈಕ್ರೋಗ್ರಾಂ. ಅದರಲ್ಲೂ ಒಂದು ಪಾಲು ಮಾತ್ರ ಶ್ವಾಸಕೋಶ ಸೇರುತ್ತದೆ. ದಾಳಿ ತೀವ್ರವಾದಾಗ ಬಾಯಿಗೆ ಕೊಡುವ ಪ್ರೆಡ್ನಿಸೊಲೋನ್ ಕಿಲೋಗೆ 1ರಿಂದ 2 ಮಿಲಿಗ್ರಾಂ. 24 ಕಿಲೋ ಮಗುವಿಗೆ ದಿನಕ್ಕೆ ಕನಿಷ್ಠ 24 ಮಿಲಿಗ್ರಾಂ, ಅಂದರೆ 24,000 ಮೈಕ್ರೋಗ್ರಾಂ, ಅದೂ ಮೈಯೆಲ್ಲ ಸುತ್ತುವ ರಕ್ತಕ್ಕೆ. ತೂಕಕ್ಕೆ ತೂಕ ಇವೆರಡೂ ಸಮವಲ್ಲ, ಬುಡೆಸೊನೈಡ್ ಹೆಚ್ಚು ತೀಕ್ಷ್ಣ. ಆದರೂ ಅಂತರ ಎಷ್ಟೆಂದು ಕಾಣುತ್ತದೆ. ಸ್ಟೀರಾಯ್ಡ್‌ಗೆ ಹೆದರಿ ಇನ್‌ಹೇಲರ್ ಬಿಟ್ಟ ಮಗು ವರ್ಷದಲ್ಲಿ ಮೂರು ನಾಲ್ಕು ಸಲ ಆಸ್ಪತ್ರೆ ಸೇರಿ, ಕಡೆಗೆ ಹೆಚ್ಚು ಸ್ಟೀರಾಯ್ಡನ್ನೇ ನುಂಗಿರುತ್ತದೆ. ಸಿರಪ್ ಕತೆಯೂ ಇದೇ. ಸಾಲ್ಬುಟಮಾಲ್ ಸಿರಪ್ 5 ಮಿ.ಲೀ.ನಲ್ಲಿ 2 ಮಿಲಿಗ್ರಾಂ ಇರುತ್ತದೆ, ಇನ್‌ಹೇಲರ್ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಒಂದು ಚಮಚ ಸಿರಪ್ ಎಂದರೆ ಇಪ್ಪತ್ತು ಪಫ್. ಮಗುವಿನ ಕೈ ನಡುಗುವುದು, ಎದೆ ಡವಗುಟ್ಟುವುದು ಅದಕ್ಕೇ. ಬಾಯಿಗೆ ಕೊಡುವುದು ಸೌಮ್ಯ, ಎಳೆಯುವುದು ಕಠಿಣ ಎಂಬ ನಂಬಿಕೆ ಅಕ್ಷರಶಃ ತಲೆಕೆಳಗು.

ಹೆಸರಿಲ್ಲದ ಪೊಟ್ಟಣದಲ್ಲಿ ‘ದಮ್ಮಿಗೆ ಪುಡಿ’ ಎಂದು ಮಾರುವವರಿಂದ ದೂರವಿರಿ. ಎರಡೇ ದಿನದಲ್ಲಿ ಗುಣ ತೋರಿಸುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಎಷ್ಟು ಬೆರೆಸಿದ್ದಾರೆಂದು ಯಾರಿಗೂ ತಿಳಿಯದು, ಥಟ್ಟನೆ ನಿಲ್ಲಿಸಿದರೆ ಇನ್ನೊಂದು ಅಪಾಯ.

ಔಷಧ ಒಳಗೆ ಹೋಗುತ್ತಿದೆಯೇ?

‘ಇನ್‌ಹೇಲರ್ ಹಿಡಿಯಲಿಲ್ಲ, ನೆಬ್ಯುಲೈಸರೇ ಬೇಕಾಯಿತು’ ಎನ್ನುವವರಿಗೆ ನಾವು ಮೊದಲು ಹೇಳುವುದು ‘ಹೇಗೆ ತಗೊಳ್ತೀರಿ, ತೋರಿಸಿ’ ಎಂದು. ಹತ್ತರಲ್ಲಿ ಏಳೆಂಟು ಮಂದಿ ಎಲ್ಲೋ ಒಂದು ಕಡೆ ತಪ್ಪುತ್ತಾರೆ. ಇನ್‌ಹೇಲರಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಸ್ಪೇಸರ್; ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ಬರೆದುಕೊಟ್ಟಿಲ್ಲವಾದರೆ ಇಂದೇ ಕೇಳಿ ತೆಗೆದುಕೊಳ್ಳಿ. ಸ್ಪೇಸರ್ ಇಲ್ಲದೆ ಮಗುವಿನ ಬಾಯಿಗೆ ಒತ್ತಿದ ಪಫ್‌ನ ಬಹುಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ.

ಕ್ರಮ ಹೀಗೆ. ಡಬ್ಬಿಯನ್ನು ಐದಾರು ಸಲ ಚೆನ್ನಾಗಿ ಅಲುಗಿಸಿ. ಮುಚ್ಚಳ ತೆಗೆದು, ಒಳಗೆ ಏನೂ ಸಿಕ್ಕಿಕೊಂಡಿಲ್ಲವೆಂದು ನೋಡಿ ಸ್ಪೇಸರಿನ ಹಿಂಬದಿಗೆ ಸಿಕ್ಕಿಸಿ. ಮಗು ನೆಟ್ಟಗೆ ಕೂತಿರಲಿ ಅಥವಾ ನಿಂತಿರಲಿ, ಮಲಗಿರುವಾಗ ಬೇಡ. ಎಂಟು ವರ್ಷಕ್ಕೆ ಮಾಸ್ಕ್ ಬೇಕಿಲ್ಲ. ಮೌತ್‌ಪೀಸನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಲಿ, ನಾಲಿಗೆ ಅಡ್ಡ ಬರದಿರಲಿ. ಒಂದು ಸಲ ಒತ್ತಿ, ಒಂದೇ. ನಿಧಾನವಾಗಿ ಐದಾರು ಉಸಿರು ಎಳೆದು ಬಿಡಲಿ. ಒಳಗಿನ ಕವಾಟ ಟಿಕ್ ಟಿಕ್ ಎಂದು ಆಡುವುದು ಕಾಣಬೇಕು. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಿಸಿ, ಮತ್ತೆ ಒತ್ತಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ ಸ್ಪೇಸರಿನ ಗೋಡೆಗೇ ಕೂರುತ್ತವೆ. ಎಳೆಯುವಾಗ ಸ್ಪೇಸರ್ ಪೀಪಿ ಊದಿದಂತೆ ಸದ್ದು ಮಾಡಿದರೆ ಮಗು ತುಂಬ ಜೋರಾಗಿ ಎಳೆಯುತ್ತಿದೆ ಎಂದರ್ಥ. ಬುಡೆಸೊನೈಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಬರುತ್ತದೆ, ದನಿ ಒಡೆಯುತ್ತದೆ. ಹಲ್ಲುಜ್ಜುವ ಮುಂಚೆ ಕೊಡುವ ರೂಢಿ ಮಾಡಿದರೆ ಮುಕ್ಕಳಿಸುವುದೂ ಮರೆಯದು, ಡೋಸೂ ತಪ್ಪದು.

ಸ್ಪೇಸರನ್ನು ತಿಂಗಳಿಗೊಮ್ಮೆ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ ಕಾಲು ಗಂಟೆ ನೆನೆಸಿ, ಹಾಗೇ ಎತ್ತಿ ಒಣಗಲು ಬಿಡಿ. ಬಟ್ಟೆಯಿಂದ ಒರೆಸಬಾರದು. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯೀ ವಿದ್ಯುತ್ ಏರಿ, ಒತ್ತಿದ ಔಷಧವೆಲ್ಲ ಗೋಡೆಗೆ ಅಂಟುತ್ತದೆ. ಹೊಸದಾಗಿ ತಂದಾಗಲೂ ಒಮ್ಮೆ ಹೀಗೆ ತೊಳೆದೇ ಬಳಸಿ.

ಡಬ್ಬಿ ಖಾಲಿಯಾಗಿದೆಯೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಉಪಾಯವನ್ನು ನಂಬಬೇಡಿ. ಔಷಧ ಮುಗಿದ ಮೇಲೂ ಅನಿಲ ಉಳಿದಿರುತ್ತದೆ, ಒತ್ತಿದರೆ ಬುಸ್ ಎನ್ನುತ್ತದೆ. ಲೆಕ್ಕವೇ ದಾರಿ. 200 ಪಫ್‌ನ ಡಬ್ಬಿ ದಿನಕ್ಕೆ ಎರಡರಂತೆ 100 ದಿನ. ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆಯಿರಿ. 100 ದಿನ ಕಳೆದರೂ ಇನ್ನೂ ಉಳಿದಿದ್ದರೆ ಎಷ್ಟು ಡೋಸ್ ತಪ್ಪಿದೆಯೆಂದು ಅದೇ ಹೇಳುತ್ತದೆ. ಬಣ್ಣ ನೋಡಿ ಗುರುತಿಸುವುದೂ ಬೇಡ, ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು. ಹೆಸರು ಓದಿ. ಕ್ಯಾಪ್ಸೂಲ್ ಹಾಕಿ ತಿರುಗಿಸುವ ರೋಟಾಹೇಲರ್ ಅಗ್ಗ, ಜೇಬಿಗೂ ಹಿಡಿಯುತ್ತದೆ. ಆದರೆ ಅದಕ್ಕೆ ಒಮ್ಮೆಗೇ ಜೋರಾಗಿ ಎಳೆಯುವ ಶಕ್ತಿ ಬೇಕು, ದಾಳಿಯ ಹೊತ್ತಿನಲ್ಲಿ ಮಗುವಿಗೆ ಅದಿರುವುದಿಲ್ಲ.

ಇನ್ನು ನೆಬ್ಯುಲೈಸರಿನ ಮಹಿಮೆ. ಅದರ ಒಂದು ಡೋಸ್‌ನಲ್ಲಿ ಸಾಲ್ಬುಟಮಾಲ್ 2.5 ಮಿಲಿಗ್ರಾಂ, ಅಂದರೆ 2,500 ಮೈಕ್ರೋಗ್ರಾಂ. ನೀವು ಮನೆಯಲ್ಲಿ ಕೊಟ್ಟ ಎರಡು ಪಫ್ 200. ಯಂತ್ರ ಗೆದ್ದಂತೆ ಕಂಡದ್ದರಲ್ಲಿ ಡೋಸಿನ ಪಾಲೇ ಹೆಚ್ಚು. ಸ್ಪೇಸರ್‌ನಲ್ಲಿ ಒಂದೊಂದಾಗಿ ಆರೆಂಟು ಪಫ್ ಕೊಟ್ಟರೆ ಸಾಧಾರಣ ದಾಳಿಯಲ್ಲಿ ಫಲ ನೆಬ್ಯುಲೈಸರ್‌ನಷ್ಟೇ, ಸಮಯವೂ ಉಳಿತಾಯ. ಮನೆಗೆ ಯಂತ್ರ ಕೊಳ್ಳುವ ಮುಂಚೆ ಒಂದು ಒಳ್ಳೆಯ ಸ್ಪೇಸರ್ ಕೊಳ್ಳಿ. ಔಷಧದ ಖರ್ಚು ಭಾರವೆನಿಸಿದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಬುಡೆಸೊನೈಡ್, ಸಾಲ್ಬುಟಮಾಲ್ ಎರಡೂ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ.

ಮೀನು, ಮೊಸರು, ಊರು

ಹೈದರಾಬಾದಿನ ಮದ್ದು: ಜೂನ್ ತಿಂಗಳಲ್ಲಿ, ಜೀವಂತ ಕೊರಮೀನಿನ ಮರಿಯ ಬಾಯಲ್ಲಿ ಗಿಡಮೂಲಿಕೆಯ ಉಂಡೆ ಇಟ್ಟು ನುಂಗಿಸುತ್ತಾರೆ, ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ. ಉಂಡೆಯಲ್ಲಿ ಏನಿದೆಯೆಂದು ಕೊಡುವವರು ಹೇಳುವುದಿಲ್ಲ. ಅಸ್ತಮಾ ಇಳಿಯುತ್ತದೆಂದು ಸರಿಯಾದ ಹೋಲಿಕೆಯ ಪರೀಕ್ಷೆಯಲ್ಲಿ ಸಾಬೀತಾಗಿಲ್ಲ. ಹಾಗಾದರೆ ಗುಣವಾಯಿತೆನ್ನುವವರು ಸುಳ್ಳಾಡುತ್ತಾರೆಯೇ? ಇಲ್ಲ. ಮಕ್ಕಳ ಅಸ್ತಮಾ ಏರಿಳಿಯುವ ಕಾಯಿಲೆ, ದೊಡ್ಡವರಾಗುತ್ತಾ ಹಲವರಲ್ಲಿ ತಾನೇ ಕರಗುತ್ತದೆ. ಮೂರು ವರ್ಷ ಸತತವಾಗಿ ತೆಗೆದುಕೊಳ್ಳಬೇಕೆಂಬ ನಿಯಮವನ್ನು ಪಾಲಿಸುವಷ್ಟರಲ್ಲಿ ಮಗುವಿಗೆ ಮೂರು ವರ್ಷ ಹೆಚ್ಚಾಗಿರುತ್ತದೆ. ಯಾವ ಮದ್ದಿಗಾದರೂ ಆ ಹೆಸರು ಬರುತ್ತಿತ್ತು. ಕೆಮ್ಮುವ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದರಲ್ಲಿ ಶ್ವಾಸನಾಳಕ್ಕೆ ಜಾರುವ ಭಯವಿದೆ. ಬೆಲ್ಲದ ಉಂಡೆಗೆ ಆ ಭಯವಿಲ್ಲ, ಒಳಗೇನಿದೆ ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಹೆಚ್ಚಿನ ಅಪಾಯ ಬೇರೆಡೆ ಇದೆ. ‘ಮದ್ದು ಹಾಕಿಸಿಯಾಯಿತಲ್ಲ’ ಎಂದು ಮುಂಗಾರಿನ ನೆಗಡಿಗಳು ಶುರುವಾಗುವ ಹೊತ್ತಿಗೇ ಇನ್‌ಹೇಲರ್ ನಿಲ್ಲಿಸುತ್ತಾರೆ. ಮನೆಯ ಹಿರಿಯರ ಮಾತು ಮೀರಲಾಗದ ಸಂದರ್ಭ ಬಂದರೆ, ಇನ್‌ಹೇಲರ್ ಮಾತ್ರ ಒಂದು ದಿನವೂ ತಪ್ಪದು ಎಂಬ ಷರತ್ತನ್ನಾದರೂ ಉಳಿಸಿಕೊಳ್ಳಿ.

ಊಟದ ಪಥ್ಯದಲ್ಲಿ ನಮ್ಮ ಮಕ್ಕಳು ಸುಮ್ಮನೆ ಸೊರಗುತ್ತಾರೆ. ಬಾಳೆಹಣ್ಣು, ಮೊಸರು, ಕಿತ್ತಳೆ ಎಲ್ಲವನ್ನೂ ಬಿಡಿಸಿಬಿಡುತ್ತಾರೆ. ಆಹಾರದಿಂದ ಉಸಿರು ಕಟ್ಟುವುದು ಕೆಲವೇ ಮಕ್ಕಳಲ್ಲಿ, ಅವರಲ್ಲೂ ಸಾಮಾನ್ಯವಾಗಿ ಮೈಮೇಲೆ ದದ್ದು, ವಾಂತಿ ಜೊತೆಗಿರುತ್ತದೆ. ಒಂದು ಪದಾರ್ಥ ತಿಂದಾಗಲೆಲ್ಲ ಹಾಗಾದರೆ ಅದೊಂದನ್ನು ಬಿಡಿಸಿ. ‘ಶೀತ’ವಾಗುವುದು ಮೊಸರಿನಿಂದಲ್ಲ, ಶಾಲೆಯಲ್ಲಿ ಪಕ್ಕದ ಮಗುವಿನಿಂದ ಬರುವ ವೈರಸ್ಸಿನಿಂದ. ಹಾಗೆಂದು ಅಸ್ತಮಾವೇ ಅಂಟುರೋಗವಲ್ಲ, ನೆಗಡಿ ಅಂಟುತ್ತದೆ ಅಷ್ಟೆ. ಬಿಸಿನೀರಿನ ಹಬೆ ಅಸ್ತಮಾದ ಬಾವಿಗೆ ಏನೂ ಮಾಡದು, ಪಾತ್ರೆ ಉರುಳಿ ಮಕ್ಕಳು ಸುಟ್ಟುಕೊಂಡ ಪ್ರಕರಣಗಳು ಮಾತ್ರ ಬೇಕಾದಷ್ಟಿವೆ.

ಊರಿಗೆ ಮರಳುವ ಯೋಚನೆಗೆ ಬರೋಣ. ಬೆಂಗಳೂರಿನ ಗಾಳಿಯ ಮೇಲೆ ಆರೋಪಕ್ಕೆ ಆಧಾರವಿದೆ. ನಗರದ ಮಕ್ಕಳ ಆಸ್ಪತ್ರೆಯೊಂದಕ್ಕೆ ಬಂದ ಮಕ್ಕಳನ್ನು ಡಾ. ಎಚ್. ಪರಮೇಶ್ ಎರಡು ದಶಕ ಲೆಕ್ಕಹಾಕಿದಾಗ, ಅವರಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ 9% ಇದ್ದದ್ದು 1999ಕ್ಕೆ 29.5% ಆಗಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇಡೀ ಊರಿಗೆ ಅನ್ವಯಿಸಲಾಗದು, ದಿಕ್ಕನ್ನಂತೂ ತೋರಿಸುತ್ತದೆ. ವಾಹನದ ಹೊಗೆ, ಕಟ್ಟಡದ ಧೂಳು, ಖಾಲಿ ಸೈಟುಗಳಲ್ಲಿ ಎದೆಮಟ್ಟ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗ, ಎಲ್ಲವೂ ಇವೆ. ಆದರೆ ಸಾಗರದ ಮಳೆಗಾಲ ನೆನಪಿಸಿಕೊಳ್ಳಿ. ಗೋಡೆಯ ಬೂಷ್ಟು, ಒಣಗದ ಹಾಸಿಗೆ, ಬಚ್ಚಲೊಲೆಯ ಹೊಗೆ, ಅಡಿಕೆ ಸುಲಿಯುವ ದಿನಗಳ ಧೂಳು. ಹಾಸಿಗೆಯಲ್ಲಿ ಬದುಕುವ, ಕಣ್ಣಿಗೆ ಕಾಣದ ಧೂಳುಹುಳಕ್ಕೆ ತೇವದ ಹವೆಯೇ ಸ್ವರ್ಗ. ಎರಡು ವರ್ಷದ ಹಿಂದೆ ಊರು ಬದಲಾದಾಗ ಮಗನ ಶಾಲೆಯೂ ಬದಲಾಗಿರುತ್ತದೆ, ಹೊಸ ವೈರಸ್ಸುಗಳ ಗುಂಪಿಗೆ ಸೇರಿರುತ್ತಾನೆ. ಅಪ್ಪನ ಕೆಲಸ ಬಿಡಿಸಿ ಊರು ಬದಲಿಸುವಂಥ ಖಾತ್ರಿ ಇದರಲ್ಲಿಲ್ಲ.

ಅದಕ್ಕಿಂತ ಮಗ ಮಲಗುವ ಕೋಣೆ ಬದಲಿಸುವುದು ಸುಲಭ. ಮೊದಲು ಸೊಳ್ಳೆಬತ್ತಿ ಆರಿಸಿ. ಒಂದು ಸುರುಳಿ ಪೂರ್ತಿ ಉರಿದರೆ ಬರುವ ಸೂಕ್ಷ್ಮಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು ಅಳೆದಿದ್ದಾರೆ. ಸೊಳ್ಳೆಪರದೆ ಕಟ್ಟಿ. ಅಗರಬತ್ತಿ, ಸಾಂಬ್ರಾಣಿ ದೇವರ ಮನೆಯಲ್ಲೂ ಬೇಡವೆಂದು ಹೇಳಿದರೆ ಜಗಳವಾಗುತ್ತದೆ. ಮಗು ಶಾಲೆಗೆ ಹೋದ ಮೇಲೆ ಹಚ್ಚಿ, ಕಿಟಕಿ ತೆರೆದಿಡಿ. ಬೀಡಿ ಸಿಗರೇಟು ಮಾತ್ರ ಬಾಲ್ಕನಿಯಲ್ಲೂ ಬೇಡ, ಬಟ್ಟೆಯಲ್ಲಿ ಹೊತ್ತು ತರುತ್ತೀರಿ. ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಿರಿ, ತಣ್ಣೀರಿನಲ್ಲಿ ಹುಳ ಸಾಯದು. ಹಳೆಯ ಹತ್ತಿ ದಿಂಬು ಬಿಸಾಡಿ. ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಜಿರಳೆ ಕೂಡ ಅಸ್ತಮಾ ಕೆರಳಿಸುತ್ತದೆ, ಅಡುಗೆಮನೆ ರಾತ್ರಿ ಒಣಗಿರಲಿ. ಪೇಂಟ್ ಹೊಡೆಸುವುದಿದ್ದರೆ ಮಗು ಅಜ್ಜಿಯ ಮನೆಗೆ ಹೋದಾಗ ಹೊಡೆಸಿ. ಇಷ್ಟೆಲ್ಲ ಮಾಡಿದರೆ ಔಷಧದ ಅಗತ್ಯ ತಗ್ಗಬಹುದು, ಪೂರ್ತಿ ತಪ್ಪುತ್ತದೆಂಬ ಭರವಸೆ ಕೊಡಲಾರೆ.

ನಿಮ್ಮ ಮುಂದಿರುವ ದಾರಿಗಳು

ಇರುವ ಬುಡೆಸೊನೈಡನ್ನೇ ಮತ್ತೆ ಶುರುಮಾಡಿ ದಿನವೂ ಕೊಡುವುದು ಮೊದಲ ದಾರಿ. ನಾನು ಇದನ್ನೇ ಆರಿಸುತ್ತೇನೆ. ದಿನಕ್ಕೆ 200 ಮೈಕ್ರೋಗ್ರಾಂ ಎಂಬುದು ಈ ವಯಸ್ಸಿಗೆ ಕಡಿಮೆ ಡೋಸಿನ ಗುಂಪಿನದು. ಎರಡನೆಯದು, ದಿನವೂ ಬೇಡ, ಸಾಲ್ಬುಟಮಾಲ್ ಬೇಕಾದಾಗಲೆಲ್ಲ ಜೊತೆಗೆ ಒಂದು ಪಫ್ ಸ್ಟೀರಾಯ್ಡ್ ಕೂಡ ಎಳೆಯುವುದು. ತಿಂಗಳಿಗೊಮ್ಮೆಯೋ ಎರಡು ಸಲವೋ ಕೆಮ್ಮುವ ಮಗುವಿಗೆ ಇದು ಸರಿ. ಚಳಿಗಾಲವೊಂದರಲ್ಲೇ ಮೂರು ನೆಬ್ಯುಲೈಸರ್ ಕಂಡ ನಿಮ್ಮ ಮಗನಿಗೆ ಸಾಲದು. ದಿನವೂ ಸರಿಯಾಗಿ ತೆಗೆದುಕೊಂಡ ಮೇಲೂ ಹಿಡಿತಕ್ಕೆ ಬರದಿದ್ದರೆ, ಬುಡೆಸೊನೈಡ್ ಮತ್ತು ನಾಳವನ್ನು ಹೆಚ್ಚು ಹೊತ್ತು ಸಡಿಲಿಸುವ ಫಾರ್ಮೊಟೆರಾಲ್ ಸೇರಿದ ಇನ್‌ಹೇಲರಿಗೆ ವೈದ್ಯರು ಏರಿಸಬಹುದು.

ಮಾಂಟೆಲುಕಾಸ್ಟ್ ಒಂದನ್ನೇ ಕೊಟ್ಟು ಇನ್‌ಹೇಲರ್ ತಪ್ಪಿಸಿಕೊಳ್ಳುವುದು ಬಹಳ ಮನೆಗಳ ಆಸೆ, ಮಾತ್ರೆ ನುಂಗಿಸುವುದು ಸುಲಭ ನೋಡಿ. ಅದರ ಬಲ ಇನ್‌ಹೇಲರಿಗಿಂತ ಕಡಿಮೆ. ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ಸಿಡುಕು, ಮಂಕು, ಅಪರೂಪಕ್ಕೆ ಆತ್ಮಹತ್ಯೆಯ ಯೋಚನೆಯೂ ಬರುವುದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಮಾತ್ರೆ ಶುರುವಾದ ಮೇಲೆ ಮಗನ ಸ್ವಭಾವ ಬದಲಾಗಿದೆ ಎನ್ನಿಸಿದರೆ ‘ಹಟ ಜಾಸ್ತಿಯಾಗಿದೆ’ ಎಂದು ಬೈಯುವ ಮುಂಚೆ ವೈದ್ಯರಿಗೆ ಹೇಳಿ. ಇನ್‌ಹೇಲರ್ ಸರಿಯಾಗಿ ಒಳಹೋಗುತ್ತಿದ್ದರೆ ಈ ಮಾತ್ರೆ ಬೇಕೇ ಎಂದು ಕೇಳುವ ಹಕ್ಕು ನಿಮಗಿದೆ.

ಪ್ರಾಣಾಯಾಮ ಮಾಡಿಸಿ, ಉಸಿರಾಟದ ಶಿಸ್ತು ಬರುತ್ತದೆ, ಗಾಬರಿ ತಗ್ಗುತ್ತದೆ. ಬಾವು ಇಳಿಸುವ ಕೆಲಸ ಅದರದಲ್ಲ, ದಾಳಿಯ ಹೊತ್ತಿನಲ್ಲಿ ಖಂಡಿತ ಬೇಡ. ಆಟ ನಿಲ್ಲಿಸಬೇಡಿ. ಓಡಿದರೆ ಕೆಮ್ಮು ಬರುತ್ತದೆಂದಾದರೆ ಓಟಕ್ಕೆ ಕಾಲು ಗಂಟೆ ಮುಂಚೆ ಎರಡು ಪಫ್ ಸಾಲ್ಬುಟಮಾಲ್, ಹತ್ತು ನಿಮಿಷ ಮೈ ಬಿಸಿಮಾಡಿಕೊಳ್ಳುವುದು. ಪದೇ ಪದೇ ಹೀಗೆ ಬೇಕಾಗುತ್ತಿದ್ದರೆ ಬಾವಿನ ಔಷಧ ಸಾಲುತ್ತಿಲ್ಲ ಎಂದರ್ಥ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಿ.

ಆ ರಾತ್ರಿ ಬಂದರೆ

ಮಗನನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸ್ಪೇಸರ್‌ನಲ್ಲಿ ಸಾಲ್ಬುಟಮಾಲ್ ಒಂದೊಂದೇ ಪಫ್‌ನಂತೆ ನಾಲ್ಕರಿಂದ ಆರು ಕೊಡಿ. 20 ನಿಮಿಷ ನೋಡಿ. ಸಾಲದಿದ್ದರೆ ಮತ್ತೆ ಅಷ್ಟೇ ಕೊಡಿ, ಮೊದಲ ಒಂದು ಗಂಟೆಯಲ್ಲಿ ಮೂರು ಸುತ್ತು. ಮೂರು ಸುತ್ತಾದರೂ ಸಡಿಲವಾಗದಿದ್ದರೆ, ಅಥವಾ ಆರಾಮವಾಗಿ ಮೂರು ನಾಲ್ಕು ಗಂಟೆಯೊಳಗೆ ಮತ್ತೆ ಬಿಗಿದರೆ ಆಸ್ಪತ್ರೆಗೆ ಹೊರಡಿ.

ಕೆಲವು ಲಕ್ಷಣಗಳಿಗೆ ಕಾಯುವುದೇ ಬೇಡ. ಒಂದು ವಾಕ್ಯ ಪೂರ್ತಿ ಆಡಲಾಗದೆ ಎರಡೆರಡು ಪದಕ್ಕೆ ಉಸಿರು ಎಳೆಯುವುದು, ಪಕ್ಕೆಲುಬುಗಳ ನಡುವೆ ಮತ್ತು ಕತ್ತಿನ ಕುಳಿಯಲ್ಲಿ ಚರ್ಮ ಒಳಸೇದುವುದು, ತುಟಿ ನೀಲಿಗಟ್ಟುವುದು, ಮಂಪರು ಕವಿಯುವುದು, ಪಲ್ಸ್ ಆಕ್ಸಿಮೀಟರ್ 92ಕ್ಕಿಂತ ಕೆಳಗೆ ತೋರಿಸುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ಬರುವವರೆಗೂ ಪಫ್ ಕೊಡುತ್ತಲೇ ಇರಿ. ಆ ಹೊತ್ತಿನಲ್ಲಿ ಹತ್ತು ಪಫ್ ಹೆಚ್ಚಾಯಿತೆಂದು ಹೆದರಬೇಡಿ. ಇನ್ನೊಂದು ಮಾತು, ಇದರಲ್ಲಿ ಅನೇಕರು ಮೋಸಹೋಗುತ್ತಾರೆ: ಉಸಿರಿಗೆ ಒದ್ದಾಡುತ್ತಿದ್ದ ಮಗುವಿನ ಸುಯ್ ಸದ್ದು ನಿಂತು, ಮಗು ಮಾತ್ರ ಇನ್ನಷ್ಟು ಸುಸ್ತಾಗಿ ಕಂಡರೆ ಅದು ಗುಣವಲ್ಲ. ಸದ್ದು ಮಾಡುವಷ್ಟೂ ಗಾಳಿ ಆಡುತ್ತಿಲ್ಲ ಎಂದರ್ಥ.

ಉಸಿರು ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಪುಟ್ಟ ಕೊಳವೆ ಇಂಥ ರಾತ್ರಿಯನ್ನು ಒಂದೆರಡು ದಿನ ಮೊದಲೇ ಸೂಚಿಸುವುದುಂಟು. ಹುಷಾರಿರುವಾಗ ಎರಡು ವಾರ ಬೆಳಿಗ್ಗೆ ಸಂಜೆ ಮೂರು ಮೂರು ಸಲ ಊದಿಸಿ ಅತಿ ಹೆಚ್ಚಿನ ಅಂಕಿಯನ್ನು ಬರೆದಿಡಿ. ಉದಾಹರಣೆಗೆ ಅದು 200 ಬಂತೆನ್ನಿ. 160ರ ಮೇಲಿದ್ದರೆ ನಿಶ್ಚಿಂತೆ, 160ಕ್ಕೂ 100ಕ್ಕೂ ನಡುವೆ ಇಳಿದರೆ ವೈದ್ಯರು ಬರೆದುಕೊಟ್ಟ ಹೆಚ್ಚುವರಿ ಔಷಧ, 100ರ ಕೆಳಗೆ ತುರ್ತು. ಬರೆದುಕೊಟ್ಟಿಲ್ಲವಾದರೆ ‘ಯಾವಾಗ ಏನು ಮಾಡಬೇಕು ಒಂದು ಹಾಳೆಯಲ್ಲಿ ಬರೆದುಕೊಡಿ’ ಎಂದು ಕೇಳಿ. ಅದರ ಒಂದು ಪ್ರತಿ ಫ್ರಿಜ್‌ನ ಬಾಗಿಲಿಗೆ, ಇನ್ನೊಂದು ತರಗತಿಯ ಟೀಚರ್ ಕೈಗೆ.

ಎಷ್ಟು ದಿನ?

ತಿಂಗಳಿಗೊಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ಕಳೆದ ನಾಲ್ಕು ವಾರಗಳಲ್ಲಿ ಹಗಲಿನ ಕೆಮ್ಮು ವಾರಕ್ಕೆ ಎರಡು ಸಲ ಮೀರಿತೇ, ರಾತ್ರಿ ಒಮ್ಮೆಯಾದರೂ ಎದ್ದನೇ, ಸಾಲ್ಬುಟಮಾಲ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ, ಆಟ ತಪ್ಪಿತೇ? ನಾಲ್ಕಕ್ಕೂ ‘ಇಲ್ಲ’ ಎಂಬ ಉತ್ತರ ಸತತ ಮೂರು ತಿಂಗಳು ಬಂದರೆ ವೈದ್ಯರು ಡೋಸನ್ನು ಅರ್ಧದಷ್ಟು ಇಳಿಸಬಹುದು. ಮತ್ತೆ ಮೂರು ತಿಂಗಳು ನೋಡಿ ಇನ್ನಷ್ಟು. ಇಳಿಸುವುದನ್ನು ಚಳಿಗಾಲದ ಬಾಗಿಲಲ್ಲೋ, ಜೂನ್‌ನಲ್ಲಿ ಶಾಲೆ ತೆರೆಯುವ ವಾರದಲ್ಲೋ ಶುರುಮಾಡಬೇಡಿ. ಬೇಸಿಗೆ ರಜೆ ವಾಸಿ. ಬೆಳೆದಂತೆ ದೊಡ್ಡ ಪಾಲು ಮಕ್ಕಳಲ್ಲಿ ಲಕ್ಷಣಗಳು ಮರೆಯಾಗುತ್ತವೆ. ಜೊತೆಗೆ ಇಸುಬು, ಅಲರ್ಜಿ ನೆಗಡಿ ಇರುವವರಲ್ಲಿ, ತಂದೆತಾಯಿಗೂ ಅಸ್ತಮಾ ಇರುವವರಲ್ಲಿ ಉಳಿಯುವ ಸಂಭವ ಹೆಚ್ಚು. ನಿಮ್ಮ ಮಗ ಯಾವ ಗುಂಪಿಗೆ ಸೇರುತ್ತಾನೆಂದು ಎಂಟನೇ ವಯಸ್ಸಿನಲ್ಲಿ ಯಾರೂ ಹೇಳಲಾರರು.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮೂರೂ ಔಷಧ, ಸ್ಪೇಸರ್ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಮಗನೇ ಅವರೆದುರು ಒಂದು ಪಫ್ ತೆಗೆದುಕೊಂಡು ತೋರಿಸಲಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆದೊಯ್ಯಿರಿ. ಎತ್ತರದ ಪ್ರಶ್ನೆಯನ್ನು ಅವರೇ ಕೇಳಲಿ, ಉತ್ತರವನ್ನು ನೇರ ಅವರೇ ಕೇಳಿಸಿಕೊಳ್ಳಲಿ.